ಹೆದ್ದಾರಿಯಲ್ಲಿ ಲಾರಿಗೂ ಕಾರಿಗೂ ಒಂದೇ ವೇಗಮಿತಿ ಸಾಧುವೆ?

ವಾಹನಗಳ ಗರಿಷ್ಠ ವೇಗವನ್ನು ಗೊತ್ತುಪಡಿಸುವ ಅಧಿಕಾರವನ್ನು ಮೋಟಾರು ವಾಹನಗಳ ಅಧಿನಿಯಮ, 1988ರ 112ನೆಯ ಪ್ರಕರಣವು ಕೇಂದ್ರ ಸರ್ಕಾರಕ್ಕೆ ನೀಡಿದೆ. ಸಾರ್ವಜನಿಕರ ಸುರಕ್ಷತೆಗಾಗಿ ನಿರ್ದಿಷ್ಟ ರಸ್ತೆಗಳಲ್ಲಿ ಇನ್ನೂ ಕಡಿಮೆ ಮಿತಿಯನ್ನು ವಿಧಿಸಲು ರಾಜ್ಯಗಳಿಗೂ ಅವಕಾಶವಿದೆ. 2018ರ ಏಪ್ರಿಲ್ ತಿಂಗಳ ಅಧಿಸೂಚನೆಯು ವಿಭಜಕವುಳ್ಳ ಚತುಷ್ಪಥ ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿ.ಮೀ. ಹಾಗೂ ಸರಕು ವಾಹನಗಳಿಗೆ 80 ಕಿ.ಮೀ. ಮಿತಿಯನ್ನು ನಿಗದಿಪಡಿಸಿತು. 2021ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಈ ಅಧಿಸೂಚನೆಯನ್ನು ರದ್ದುಪಡಿಸಿ, ಮಿತಿಗಳನ್ನು ತಗ್ಗಿಸುವಂತೆ ನಿರ್ದೇಶಿಸಿತು. ವಾಹನ ಚಾಲಕರಾದವರು ಆಯಾ ರಸ್ತೆಯ ಫಲಕವನ್ನೇ ಪ್ರಮಾಣವೆಂದು ತಿಳಿಯತಕ್ಕದ್ದು.

ಎರಡು ಬಗೆಯ ಮಿತಿಗಳಿರುವುದೇ ಅಪಾಯಕ್ಕೆ ಮೂಲವೆಂಬ ವಾದವೊಂದುಂಟು. ಎಲ್ಲ ವಾಹನಗಳೂ ಒಂದೇ ವೇಗದಲ್ಲಿ ಸಾಗಿದರೆ ಹಿಂದಿಕ್ಕುವ ಪ್ರಸಂಗವೂ ಹಿಂದಿನಿಂದ ಡಿಕ್ಕಿ ಹೊಡೆಯುವ ಸಂಭವವೂ ಕಡಿಮೆಯಾಗುತ್ತವೆ ಎಂಬುದು ಅದರ ಸಾರ. ಅಮೆರಿಕದ ವರ್ಜೀನಿಯಾ ರಾಜ್ಯವು 1994ರಲ್ಲಿ ಲಾರಿಗಳ ಮಿತಿಯನ್ನು ಗಂಟೆಗೆ 55 ಮೈಲಿಯಿಂದ ಕಾರುಗಳಿಗಿದ್ದ 65 ಮೈಲಿಗೆ ಏರಿಸಿತು; ಕ್ಯಾಲಿಫೋರ್ನಿಯಾ ಭಾರೀ ಲಾರಿಗಳಿಗೆ 55 ಮೈಲಿಯ ಪ್ರತ್ಯೇಕ ಮಿತಿಯನ್ನೇ ಉಳಿಸಿಕೊಂಡಿತು. ಎರಡೂ ಬಗೆಯ ರಾಜ್ಯಗಳನ್ನು ಹೋಲಿಸಿ ಅಲ್ಲಿ ನಡೆದ ಅಧ್ಯಯನದಲ್ಲಿ ಯಾವುದೊಂದೂ ಖಚಿತವಾಗಿ ಮೇಲೆನಿಸಲಿಲ್ಲ.

ನಮ್ಮಲ್ಲಿ ಲಾರಿಯ ಮಿತಿಯನ್ನು 100ಕ್ಕೆ ಏರಿಸುವುದು ಯುಕ್ತವಲ್ಲ. ವೇಗ 80ರಿಂದ 100ಕ್ಕೇರಿದಾಗ ಚಲನಶಕ್ತಿ ಅರ್ಧಕ್ಕಿಂತಲೂ ಹೆಚ್ಚು ವೃದ್ಧಿಸುತ್ತದೆ. ಎರಡು ಅಚ್ಚುಗಳ ಲಾರಿಗೆ ಸರಕು ಸೇರಿ 18.5 ಟನ್ ತೂಕಕ್ಕೆ ಅನುಮತಿಯಿರುವಾಗ, ಆ ಶಕ್ತಿಯನ್ನೆಲ್ಲ ಬ್ರೇಕುಗಳೇ ತಾಳಿಕೊಳ್ಳಬೇಕು. ಇದಲ್ಲದೆ, 2015ರ ಅಕ್ಟೋಬರ್ ತರುವಾಯ ತಯಾರಾದ ಸಾರಿಗೆ ವಾಹನಗಳಿಗೆ, ಕೆಲವು ವರ್ಗಗಳ ಹೊರತು, 80 ಕಿ.ಮೀ.ಗೆ ಹೊಂದಿಸಿದ ವೇಗನಿಯಂತ್ರಕವು ಕಡ್ಡಾಯವಾಯಿತು. ಆದುದರಿಂದ ಸಮಾನ ಮಿತಿ ಎಂದರೆ ಕಾರನ್ನು 80ಕ್ಕೆ ಇಳಿಸುವುದೆಂದೇ ಅರ್ಥ. ಇದನ್ನು ಒಪ್ಪುವ ಕಾರುಮಾಲೀಕರು ವಿರಳ!

ಮಿತಿ ಒಂದೇ ಆದ ಮಾತ್ರಕ್ಕೆ ವೇಗವೂ ಒಂದೇ ಆಗುವುದಿಲ್ಲ. ಮುಂಬಯಿ, ಪುಣೆಗಳಿಂದ ಬೆಳಗಾವಿ, ಹುಬ್ಬಳ್ಳಿಗಳತ್ತ ರಾತ್ರಿ ಪ್ರಯಾಣ ಮಾಡುವವರು ಖಂಬಾಟ್ಕಿ ಘಾಟಿನ ಏರಿನಲ್ಲಿ ತುಂಬಿದ ಲಾರಿಗಳು ತೆವಳುವುದನ್ನು ಬಲ್ಲರು. 80ರಲ್ಲಿ ಓಡುವ ಲಾರಿಯೊಂದು 150 ಮೀಟರ್ ಮುಂದಿದ್ದರೆ, 100ರಲ್ಲಿ ಬರುವ ಕಾರು ಅದನ್ನು ತಲುಪಲು 27 ಸೆಕೆಂಡು ಬೇಕು. ಆ ಲಾರಿ 30ರಲ್ಲಿದ್ದರೆ 8 ಸೆಕೆಂಡೂ ಉಳಿಯುವುದಿಲ್ಲ. ಹಿಂದೀಪವಿಲ್ಲದೆ ಕೆಟ್ಟು ನಿಂತಿದ್ದರೆ ಐದೂವರೆ ಸೆಕೆಂಡು ಸಹ ಇಲ್ಲ. ಕತ್ತಲೆಯಲ್ಲಿ ಕಾಣುವ ಎರಡು ಕೆಂಪು ದೀಪಗಳಿಂದ ಮುಂದಿನ ವಾಹನದ ವೇಗವನ್ನು ಅಳೆಯುವುದು ನುರಿತ ಚಾಲಕನಿಗೂ ಕಷ್ಟವೇ.

ಇಳಿಜಾರಿನ ಕಥೆ ಬೇರೆ. ಪುಣೆಯ ಹೊಸ ಕಾತ್ರಜ್ ಸುರಂಗದಿಂದ ನವಲೆ ಸೇತುವೆಯತ್ತ ಇಳಿಯುವ ರಸ್ತೆಯಲ್ಲಿ ಭಾರೀ ವಾಹನಗಳು ಹತೋಟಿ ತಪ್ಪಿದ ಅಪಘಾತಗಳು ಪದೇ ಪದೇ ಸಂಭವಿಸಿವೆ. 2022ರ ನವೆಂಬರಿನಲ್ಲಿ ಒಂದೇ ಲಾರಿಯಿಂದ ಹತ್ತಾರು ವಾಹನಗಳು ಜಖಂಗೊಂಡವು. ಡೀಸೆಲ್ ಉಳಿತಾಯಕ್ಕೆಂದು ನ್ಯೂಟ್ರಲ್‌ನಲ್ಲಿ ಇಳಿಸಿದರೆ ಎಂಜಿನಿನ ತಡೆ ತಪ್ಪಿ, ಪೂರ್ಣ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬದಲಾಯಿಸಿ, ಕೊನೆಯವರೆಗೂ ಅದೇ ಗೇರಿನಲ್ಲಿ ಇಳಿಯತಕ್ಕದ್ದು.