ಹಿಡಿದಿಡಲು ಎಷ್ಟು ವ್ಯಾಟ್ ಬೇಕು?

ಕಬ್ಬಿಣದ ತುಂಡನ್ನು ಕಚ್ಚಿಕೊಂಡು ನಿಂತಿರುವ ವಿದ್ಯುತ್ಕಾಂತ ಏನನ್ನೂ ಎತ್ತುತ್ತಿಲ್ಲ, ಏನನ್ನೂ ಸರಿಸುತ್ತಿಲ್ಲ. ಡಿಸಿಯಲ್ಲಿ ಅದು ಎಳೆದುಕೊಳ್ಳುವ ವ್ಯಾಟೆಲ್ಲ ತಾಮ್ರದ ಬಿಸಿಯಾಗಿಯೇ ಹೋಗುತ್ತದೆ. ಬಹ್ರೇನ್‌ನಲ್ಲಿ ಎಸಿ ರಿಪೇರಿ ಕೆಲಸ ಮಾಡಿಕೊಂಡು, ರಜೆಯ ಶುಕ್ರವಾರಗಳಲ್ಲಿ ಕಾಯಿಲ್ ಸುತ್ತುತ್ತ ನಾನು ಕಲಿತದ್ದರಲ್ಲಿ ಬಹುಪಾಲು ಈ ಬಿಸಿಯ ಲೆಕ್ಕವೇ.

ಮೊದಲ ಪಾಠ ಲೆಕ್ಕದ ಪುಸ್ತಕದಲ್ಲೇ ಇತ್ತು, ಆದರೆ ಕೈಯಾರೆ ಸುತ್ತಿ ನೋಡುವ ತನಕ ನಂಬಿಕೆ ಬಂದಿರಲಿಲ್ಲ. 0.5 ಮಿ.ಮೀ. ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.09 ಓಮ್ ರೋಧ. ಒಂದು ಸುತ್ತಿಗೆ 6 ಸೆಂ.ಮೀ. ಹಿಡಿದರೆ 500 ಸುತ್ತಿಗೆ 30 ಮೀಟರ್ ತಂತಿ, 2.6 ಓಮ್ ಚಿಲ್ಲರೆ. ಇದಕ್ಕೆ 12 ವೋಲ್ಟ್ ಕೊಟ್ಟರೆ ನಾಲ್ಕೂವರೆ ಆಂಪಿಯರ್, 55 ವ್ಯಾಟ್. ಸ್ವಲ್ಪ ಹೊತ್ತಿನಲ್ಲೇ ಎನಾಮೆಲ್ ಸುಡುವ ವಾಸನೆ. ಅದೇ ತಂತಿಯನ್ನು 1,000 ಸುತ್ತು ಸುತ್ತಿದರೆ ರೋಧ ಇಮ್ಮಡಿ, ಕರೆಂಟ್ ಅರ್ಧ, ವ್ಯಾಟೂ ಅರ್ಧ. ಎಳೆತ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಏಕೆಂದರೆ ಅದನ್ನು ನಿರ್ಧರಿಸುವುದು ಸುತ್ತು ಮತ್ತು ಆಂಪಿಯರ್‌ಗಳ ಗುಣಾಕಾರ. ಹೊರಗಿನ ಪದರಗಳ ಸುತ್ತು ಉದ್ದವಾಗುವುದರಿಂದ ಅಷ್ಟಿಷ್ಟು ಇಳಿಯುತ್ತದೆ, ಅಷ್ಟೆ. ಒಂದೇ ದಪ್ಪದ ತಂತಿ, ಒಂದೇ ವೋಲ್ಟೇಜ್ ಇದ್ದಾಗ ಹೆಚ್ಚಿನ ಸುತ್ತು ಬಲಕ್ಕಲ್ಲ, ಮಿತವ್ಯಯಕ್ಕೆ.

ಸುತ್ತು ಕಡಿಮೆಯಿದ್ದು ಕರೆಂಟ್ ವಿಪರೀತವಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೇ ದ್ವೀಪದಲ್ಲಿದೆ. ಅಲ್ಬಾ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ 2018ರ ಕೊನೆಗೆ ಶುರುವಾದ ಆರನೇ ಪಾಟ್‌ಲೈನ್‌ನಲ್ಲಿ (ಅಲ್ಯೂಮಿನಿಯಂ ತಯಾರಾಗುವ ತೊಟ್ಟಿಗಳ ಸಾಲು) ಹರಿಯುವುದು 4 ಲಕ್ಷ ಆಂಪಿಯರ್‌ಗೂ ಹೆಚ್ಚಿನ ಡಿಸಿ. ಅಲ್ಲಿ ಯಾರೂ ಕಾಯಿಲ್ ಸುತ್ತಿಲ್ಲ. ಆದರೂ ಅಂಥ ಪಾಟ್‌ರೂಮ್‌ಗಳ ಕಾಂತಕ್ಷೇತ್ರ ಎಷ್ಟು ಪ್ರಬಲವೆಂದರೆ ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಒಳಗೆ ಕಾಲಿಡುವಂತಿಲ್ಲ.

ಬಹ್ರೇನ್‌ನ ಸೆಕೆ ಕಲಿಸಿದ ಪಾಠ ಬೇರೆ. ತಾಮ್ರ ಒಂದು ಡಿಗ್ರಿ ಬಿಸಿಯಾದರೆ ಅದರ ರೋಧ ಸುಮಾರು ಶೇ. 0.39 ಏರುತ್ತದೆ. ತಣ್ಣಗಿದ್ದಾಗ 10 ಓಮ್ ತೋರಿಸಿದ ಕಾಯಿಲ್ ಓಡಿದ ಮೇಲೆ 12.3 ಓಮ್ ತೋರಿಸಿದರೆ ಅದರೊಳಗೆ 60 ಡಿಗ್ರಿಯಷ್ಟು ಏರಿದೆ ಎಂದರ್ಥ. ಗನ್ ಥರ್ಮಾಮೀಟರ್ ಹೊರಗಿನ ಟೇಪಿನ ಬಿಸಿ ಹೇಳುತ್ತದೆ. ಒಳಪದರದ ಬಿಸಿ ಹೇಳುವುದು ಓಮ್ ಮೀಟರೇ. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಕಾಯಿಲ್‌ಗೂ ತಣ್ಣನೆಯದು, ಬಿಸಿಯದು ಎಂದು ಎರಡೆರಡು ಅಂಕಿ.

ಇಷ್ಟೆಲ್ಲ ಡಿಸಿಯ ಮಾತು. ನನ್ನ ಹೊಟ್ಟೆಪಾಡು ಇರುವುದು ಮಾಳಿಗೆಯ ಮೇಲಿನ ಎಸಿ ಯೂನಿಟ್‌ಗಳ ಕಾಂಟಾಕ್ಟರ್‌ಗಳಲ್ಲಿ, ಅಂದರೆ ವಿದ್ಯುತ್ಕಾಂತ ಎಳೆದು ಕೂರಿಸುವ ಸ್ವಿಚ್‌ಗಳಲ್ಲಿ. ಅಲ್ಲಿನ ಕಾಯಿಲ್ ಆಲ್ಟರ್ನೇಟಿಂಗ್ ಕರೆಂಟಿನದು. ಒಮ್ಮೆ ಜೊತೆ ಕೆಲಸಗಾರರ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಬಂದಾಗ, 24 ವೋಲ್ಟಿನ ಹಳೇ ಕಾಂಟಾಕ್ಟರ್ ತೆಗೆದು ಟ್ರಾನ್ಸ್‌ಫಾರ್ಮರ್‌ಗೆ ಜೋಡಿಸಿದೆ. ಟಕ್ಕೆಂದು ಕೂತಿತು. ಕಡಿಮೆ ಕರೆಂಟ್ ಕ್ಲಾಂಪ್ ಮೀಟರಿಗೆ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ವೈರನ್ನು ಅದರ ಬಾಯೊಳಗೆ ಹತ್ತು ಸಲ ಸುತ್ತಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸುವುದು ನಮ್ಮ ರೂಢಿ. ಆಮೇಲೆ ಆಫ್ ಮಾಡಿ, ಕಬ್ಬಿಣದ ಎರಡು ಮುಖಗಳ ನಡುವೆ ಮಡಿಸಿದ ರಟ್ಟು ಇಟ್ಟು ಮತ್ತೆ ಹಾಕಿದೆ. ಕಾಂಟಾಕ್ಟರ್ ಗುಂಯ್‌ಗುಟ್ಟಿತು, ಮೀಟರಿನ ಅಂಕಿ ಜಿಗಿಯಿತು.

"ಅಂಕಲ್, ರಟ್ಟು ಅಡ್ಡ ಬಂದ್ರೆ ಎಳೆತ ಕಡಿಮೆ ಆಗ್ಬೇಕು. ಕರೆಂಟ್ ಯಾಕೆ ಜಾಸ್ತಿ ಆಯ್ತು?"

ಒಳ್ಳೆಯ ಪ್ರಶ್ನೆ. ಡಿಸಿ ಕಾಯಿಲ್‌ನ ಕರೆಂಟನ್ನು ತಡೆಯುವುದು ತಂತಿಯ ರೋಧ ಮಾತ್ರ. ರಟ್ಟು ಇದ್ದರೂ ಇಲ್ಲದಿದ್ದರೂ ಒಂದೇ. ಎಸಿಯಲ್ಲಿ ಹೆಚ್ಚಿನ ತಡೆ ಬರುವುದು ಕಾಂತಕ್ಷೇತ್ರದಿಂದಲೇ. ಕಬ್ಬಿಣ ಪೂರ್ತಿ ಕೂಡಿದಾಗ ತಡೆ ಹೆಚ್ಚು, ಸಂದು ಬಿಟ್ಟಾಗ ಕಡಿಮೆ. ಸಾಧಾರಣ ಸಣ್ಣ ಕಾಂಟಾಕ್ಟರಿನ ಕ್ಯಾಟಲಾಗ್ ತೆರೆದರೆ ಎಳೆಯುವಾಗ 70 ವೋಲ್ಟ್-ಆಂಪಿಯರ್, ಕೂತ ಮೇಲೆ 7 ಎಂದು ಇರುತ್ತದೆ. ಇಲ್ಲಿ ರಟ್ಟಿನ ಜಾಗದಲ್ಲಿ ಬರುವುದು ಗಾಳಿ ತರುವ ಹುಡಿಮರಳು. ಆರ್ಮೇಚರ್ ಪೂರ್ತಿ ಕೂರದೆ ಗುಂಯ್‌ಗುಡುತ್ತಲೇ ಇರುತ್ತದೆ, ಮಧ್ಯಾಹ್ನದೊಳಗೆ ಕಾಯಿಲ್ ಕಪ್ಪಾಗುತ್ತದೆ. ಎಷ್ಟೋ ಕಡೆ ಕಾಯಿಲ್ ಬದಲಿಸುವುದಕ್ಕಿಂತ ಒಣ ಬ್ರಷ್ಷಿನಲ್ಲಿ ಮುಖ ಒರೆಸುವುದೇ ನಿಜವಾದ ರಿಪೇರಿ.

ಅಂದಹಾಗೆ ಆ 7 ವೋಲ್ಟ್-ಆಂಪಿಯರ್ ಅಂದರೆ 7 ವ್ಯಾಟ್ ಅಲ್ಲ. ನಿಜವಾಗಿ ಖರ್ಚಾಗುವುದು ಎರಡು ಮೂರು ವ್ಯಾಟ್. ವೋಲ್ಟನ್ನೂ ಆಂಪಿಯರನ್ನೂ ಗುಣಿಸಿ ವ್ಯಾಟ್ ಎಂದು ಬರೆದುಕೊಳ್ಳುವ ಅಭ್ಯಾಸ ಡಿಸಿಗೆ ಸರಿ, ಇಲ್ಲಿಗೆ ಸಲ್ಲ. ಪವರ್ ಫ್ಯಾಕ್ಟರ್ ತೋರಿಸುವ ಮೀಟರೇ ಬೇಕು.

ಫ್ರೀಕ್ವೆನ್ಸಿಯ ಪಾಠ ಮಾತ್ರ ಈ ಊರಿನದೇ. ಬಹ್ರೇನ್‌ನಲ್ಲಿ 230 ವೋಲ್ಟ್, 50 ಹರ್ಟ್ಜ್. ಕಿಂಗ್ ಫಹದ್ ಸೇತುವೆ ದಾಟಿದರೆ ಸೌದಿ, ಅಲ್ಲಿ 60. ಕೊಲ್ಲಿ ದೇಶಗಳ ಗ್ರಿಡ್‌ಗಳನ್ನು ಕೂಡಿಸುವಾಗ ಸೌದಿಯ ಅಲ್ ಫಾದಿಲಿಯಲ್ಲಿ ದೊಡ್ಡ ಪರಿವರ್ತನಾ ಕೇಂದ್ರವನ್ನೇ ಕಟ್ಟಬೇಕಾಯಿತು. ನಮ್ಮ ಕೈಗೆ ಬರುವುದು ಸಣ್ಣ ವಸ್ತು: ಅಲ್ಖೋಬಾರ್‌ನಲ್ಲಿ ಕೊಂಡ, 220 ವೋಲ್ಟ್ 60 ಹರ್ಟ್ಜ್ ಎಂದು ಬರೆದ ಸೊಲೆನಾಯ್ಡ್. ಇಲ್ಲಿ ಹಾಕಿದರೂ ಅದು ಕೆಲಸ ಮಾಡುತ್ತದೆ, ಅದೇ ತೊಂದರೆ. ಫ್ರೀಕ್ವೆನ್ಸಿ ಇಳಿದಾಗ ತಡೆ ಇಳಿದು ಕರೆಂಟ್ ಕನಿಷ್ಠ ಐದನೇ ಒಂದರಷ್ಟು ಏರುತ್ತದೆ, ತಂತಿಯ ಬಿಸಿ ಶೇ. 44. ಕಬ್ಬಿಣ ಕಾಂತತ್ವದಿಂದ ತುಂಬಿಹೋದರೆ (ಸ್ಯಾಚುರೇಟ್ ಆದರೆ) ಇನ್ನೂ ಹೆಚ್ಚು. ಮತ್ತೆ ಸುತ್ತುವುದಾದರೆ ಕಾಲು ಭಾಗ ಸುತ್ತು ಹೆಚ್ಚಿಗೆ ಬೇಕು. ಅಷ್ಟು ಜಾಗ ಬಾಬಿನ್ನಿನಲ್ಲಿ ಇರುವುದಿಲ್ಲ, ತಂತಿ ಒಂದು ನಂಬರ್ ಸಣ್ಣದಾಗುತ್ತದೆ.

ಈಗ ಮೇಜಿನ ಮೇಲಿರುವುದು 12 ವೋಲ್ಟಿನ ಡಿಸಿ ರಿಲೇ. ಎಳೆದುಕೊಳ್ಳಲು ಅದಕ್ಕೆ ಪೂರ್ತಿ ವೋಲ್ಟ್ ಬೇಕು. ಒಮ್ಮೆ ಕೂತ ಮೇಲೆ 6ಕ್ಕೆ ಇಳಿಸಿದರೂ ಬಿಡುವುದಿಲ್ಲ, ವ್ಯಾಟ್ ನಾಲ್ಕನೇ ಒಂದು ಭಾಗ. ಆಗಸ್ಟಿನ ಮಧ್ಯಾಹ್ನ ಬಾಲ್ಕನಿಯಲ್ಲಿಟ್ಟು ನೋಡಿದೆ, 4 ವೋಲ್ಟಿನಲ್ಲೂ ಹಿಡಿದಿತ್ತು. ಆದರೂ 6ರ ಕೆಳಗೆ ಇಳಿಸುವ ಯೋಚನೆ ಇಲ್ಲ: ಮಾಳಿಗೆಯ ಮೇಲೆ ಕಂಪ್ರೆಸರ್ ಅದುರುವ ಕಡೆ ಇದನ್ನು ಕೂರಿಸಬೇಕು.