ಟ್ಯಾಂಕಿಗೆ ಮಣ್ಣು ಹಚ್ಚುವ ಮುಂಚೆ

ತಮ್ಮಾ, ನೀನು ಕಳಿಸಿದ ಷರ್ಮನ್ ಟ್ಯಾಂಕ್ ಮಾದರಿಯ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಜೋಡಣೆ ಅಚ್ಚುಕಟ್ಟಾಗಿದೆ. ಟರೆಟ್ಟಿನ ಎರಡು ತುಂಡು ಕೂಡುವ ಗೆರೆಗೆ ಪುಟ್ಟಿ ಹಾಕಿ, ವಾಟರ್ ಪೇಪರಿನಿಂದ ಉಜ್ಜಿ, ಅಲ್ಲೊಂದು ಗೆರೆ ಇತ್ತು ಎಂಬುದೇ ಗೊತ್ತಾಗದ ಹಾಗೆ ಮಾಡಿದ್ದೀಯ. ಹಸಿರು ಬಣ್ಣವೂ ತೆಳುವಾಗಿ, ಸಮನಾಗಿ ಕೂತಿದೆ. ಅಷ್ಟಾದ ಮೇಲೆ ಅದರ ಮೇಲೆ ತುಕ್ಕು, ಕೆಸರು, ಎಣ್ಣೆ, ಮಸಿ ಎಲ್ಲವನ್ನೂ ಒಟ್ಟಿಗೆ ಸುರಿದಿದ್ದೀಯಲ್ಲ, ಅಲ್ಲಿ ನನ್ನ ಕಣ್ಣು ನಿಂತಿತು. ಲಾರಿ, ಟ್ರ್ಯಾಕ್ಟರುಗಳಿಗೆ ಬಣ್ಣ ಹೊಡೆದುಕೊಂಡೇ ವಯಸ್ಸಾದವನು ನಾನು. ಅದಕ್ಕೇ ನಾಲ್ಕು ಮಾತು ಹೇಳುತ್ತೇನೆ, ಕೇಳು.

ಬ್ರಷ್ ಹಿಡಿಯುವ ಮುಂಚೆ ಎರಡು ಪ್ರಶ್ನೆ ಕೇಳಿಕೋ. ಈ ಟ್ಯಾಂಕ್ ಯಾವ ಊರಿನ ದಾರಿಯಲ್ಲಿ ಓಡಿತು? ಯಾವ ತಿಂಗಳಲ್ಲಿ ಓಡಿತು? ಇವಕ್ಕೆ ಉತ್ತರ ಸಿಕ್ಕರೆ ಯಾವ ಬಣ್ಣದ ಡಬ್ಬಿ ತೆರೆಯಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಉತ್ತರ ಸಿಗದಿದ್ದರೆ ಯೂಟ್ಯೂಬಿನಲ್ಲಿ ಯಾರೋ ಯುರೋಪಿನ ಹಿಮ ಕರಗಿದ ಕೆಸರನ್ನು ಮಾಡಿ ತೋರಿಸಿದ್ದು ನಿನ್ನ ಟ್ಯಾಂಕಿನ ಮೇಲೆ ಬಂದು ಕೂರುತ್ತದೆ. ಈಗ ಆಗಿರುವುದೂ ಅದೇ.

ನಿನ್ನ ಷರ್ಮನ್ನಿಗೆ ದಾರಿ ಹುಡುಕಲು ದೂರ ಹೋಗಬೇಕಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ರಾಯಚೂರಿನಲ್ಲಿ ಬಾವುಟ ಹಾರಿಸುತ್ತೇವಲ್ಲ, ಆ ದಿನದ ಹಿಂದೆಯೇ ಟ್ಯಾಂಕುಗಳಿವೆ. ಆಗ ನಮ್ಮ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರ ಸೆಪ್ಟೆಂಬರ್ 13ರ ಬೆಳಗ್ಗೆ ಭಾರತದ ಸೈನ್ಯ ಹಲವು ದಿಕ್ಕಿನಿಂದ ಸಂಸ್ಥಾನದ ಒಳಗೆ ಬಂತು. ಮುಖ್ಯ ಪಡೆ ಮೇಜರ್ ಜನರಲ್ ಜೆ. ಎನ್. ಚೌಧುರಿ ಅವರ ಕೈಕೆಳಗೆ ಸೊಲ್ಲಾಪುರದಿಂದ ಹೊರಟಿತು. ನಳದುರ್ಗದ ಹತ್ತಿರ ಬೋರಿ ಹೊಳೆಯ ಸೇತುವೆಯನ್ನು ಒಡೆಯಗೊಡದೆ ಹಿಡಿದು, ಉಮರ್ಗಾ ದಾಟಿ, ಹುಮನಾಬಾದಿನ ಹೆದ್ದಾರಿ ಹಿಡಿದು, ಜಹೀರಾಬಾದಿನ ಕಡೆಯಿಂದ ಹೈದರಾಬಾದಿಗೆ ಹೋಯಿತು. ಷರ್ಮನ್ನೂ ಅದಕ್ಕಿಂತ ಹಗುರವಾದ ಸ್ಟುವರ್ಟೂ ಆ ಕಾರ್ಯಾಚರಣೆಯಲ್ಲಿದ್ದವು. 17ರಂದು ನಿಜಾಮರು ಕದನ ನಿಲ್ಲಿಸಿದರು. ಎಲ್ಲ ಸೇರಿ ಐದು ದಿನ.

ಈಗ ನಿನ್ನ ಟ್ಯಾಂಕನ್ನು ಆ ಐದು ದಿನದ ಒಳಗೆ ಇಟ್ಟು ನೋಡು. ತಿಂಗಳು ಸೆಪ್ಟೆಂಬರ್, ಮಳೆಗಾಲ ಇನ್ನೂ ಮುಗಿದಿಲ್ಲ. ಸೊಲ್ಲಾಪುರದ ಕಡೆ ಎರೆ ಭೂಮಿ, ಬೀದರ್ ಜಿಲ್ಲೆಯ ಒಳಗೆ ಬಂದಂತೆ ಜಂಬಿಟ್ಟಿಗೆಯ ಕೆಂಪು ಮಣ್ಣು. ಹಾಗಾಗಿ ಕೆಳಗಿನ ಹೊಟ್ಟೆ ಭಾಗದಲ್ಲಿ ಮೊದಲು ಕಪ್ಪು ಕೆಸರು, ಅದು ಒಣಗಿದ ಮೇಲೆ ಅಲ್ಲಲ್ಲಿ ಕೆಂಪು ಚಿಮ್ಮು. ಹೀಗೆ ಮಾಡಿದರೆ ಬಲ್ಲವರು ನಿನ್ನ ಟ್ಯಾಂಕ್ ನೋಡಿ ದಾರಿಯನ್ನೇ ಓದುತ್ತಾರೆ. ಐದು ದಿನದಲ್ಲಿ ದಪ್ಪ ಉಕ್ಕಿನ ಮೈ ತುಂಬ ಕಿತ್ತಳೆ ತುಕ್ಕು ಏರುವುದಿಲ್ಲ. ಓಡುತ್ತಿರುವ ಟ್ಯಾಂಕನ್ನು ಸೈನಿಕರು ಎಣ್ಣೆ ಹಾಕಿ, ಒರೆಸಿ, ಬಣ್ಣ ಹೋದಲ್ಲಿ ಟಚಿಂಗ್ ಮಾಡಿ ಇಟ್ಟುಕೊಳ್ಳುತ್ತಾರೆ, ಅವರ ಪ್ರಾಣ ಅದರೊಳಗೇ ಇರುತ್ತದೆ. ತುಕ್ಕು ಬೇಕೇ ಬೇಕು ಅನ್ನಿಸಿದರೆ ಹೊಗೆ ಕೊಳವೆಗೆ ಹಚ್ಚು. ಉಕ್ಕಿನ ಚೈನಿನ ಸಂದಿಗಳಿಗೂ ತೆಳುವಾಗಿ ಹಚ್ಚಬಹುದು. ಆದರೆ ಷರ್ಮನ್ನಿನ ಕೆಲವು ಮಾದರಿಗಳಲ್ಲಿ ಚೈನಿನ ಮೇಲೆ ರಬ್ಬರ್ ಗಟ್ಟಿಗಳಿರುತ್ತವೆ. ನಿನ್ನ ಕಿಟ್‌ನಲ್ಲಿ ಯಾವುದಿದೆ ನೋಡಿಕೋ. ರಬ್ಬರಿಗೆ ತುಕ್ಕು ಹಿಡಿಯುವುದಿಲ್ಲಪ್ಪಾ!

ಇನ್ನೊಂದು ಮಾತು, ಇದನ್ನು ಸ್ವಲ್ಪ ಗಂಭೀರವಾಗಿ ತಗೋ. ಆ ಕಾಲದಲ್ಲಿ ನಮ್ಮ ಭಾಗದ ಎಷ್ಟೋ ಮನೆಗಳು ನೋವು ಉಂಡಿವೆ. ನಿಜಾಮರ ಪರ ನಿಂತಿದ್ದ ರಜಾಕಾರರ ಕೈಯಲ್ಲಿ ನೊಂದವರಿದ್ದಾರೆ, ಸೈನ್ಯ ಬಂದ ಮೇಲಿನ ಗಲಭೆಯಲ್ಲಿ ನೊಂದವರೂ ಇದ್ದಾರೆ. ಅದಕ್ಕೇ ಟ್ಯಾಂಕಿನ ಮೇಲೆ ರಕ್ತದ ಕಲೆ ಬಿಡಿಸುವ ಕೆಲಸಕ್ಕೆ ಕೈ ಹಾಕಬೇಡ. ಕೆಲವರು ಅದನ್ನು ನೈಜತೆ ಅನ್ನುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಕೆಸರು ಸಾಕು.

ಸರಿ, ಕೆಸರು ಹೇಗೆ ಕೂರುತ್ತದೆ ಎಂದು ಕಲಿಯುವುದು ಎಲ್ಲಿ? ನಮ್ಮ ಜಿಲ್ಲೆಯಷ್ಟು ಒಳ್ಳೆಯ ಶಾಲೆ ಬೇರೆಲ್ಲೂ ಸಿಗಲಾರದು. ಭತ್ತದ ಕಟಾವಿನ ಹೊತ್ತಿಗೆ ಮಾನ್ವಿ ಕಡೆ ಹೋಗು. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ನೆಲ ಇನ್ನೂ ಹಸಿ ಇರುವಾಗ ಚೈನ್ ಮಷಿನ್ ಇಳಿಸಿ ಕೊಯ್ಯುತ್ತಾರಲ್ಲ, ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಚೈನನ್ನೇ ನೋಡು. ನೆಲ ತಾಗುವ ಏಣುಗಳು ಉಜ್ಜಿ ಉಜ್ಜಿ ನುಣ್ಣಗಾಗಿರುತ್ತವೆ, ತಗ್ಗುಗಳಲ್ಲಿ ಕೆಸರು ಗಿಡಿದುಕೊಂಡಿರುತ್ತದೆ, ಕೆಸರಿನ ಜೊತೆ ಹುಲ್ಲಿನ ಎಳೆಗಳೂ ಅಂಟಿರುತ್ತವೆ. ಒಳಗಿನ ಸಣ್ಣ ಗಾಲಿಗಳ ಅಂಚು ಸ್ವಚ್ಛ, ನಡುವಿನ ತಗ್ಗಿನಲ್ಲಿ ಮಣ್ಣು. ಟ್ಯಾಂಕಿನ ಗಾಲಿಯಲ್ಲೂ ಇದೇ ಲೆಕ್ಕ. ನೀನು ಗಾಲಿಯ ಮೈಗೆಲ್ಲ ಒಂದೇ ದಪ್ಪದಲ್ಲಿ ಮಣ್ಣು ಮೆತ್ತಿದ್ದೀಯ. ಚೈನು ತಿರುಗುತ್ತಾ ಉಜ್ಜುವ ಜಾಗದಲ್ಲಿ ಮಣ್ಣು ಹೇಗೆ ನಿಲ್ಲುತ್ತದೆ ಹೇಳು.

ನಾಟಿಯ ಕಾಲದಲ್ಲಿ ಹೋದರೆ ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರುಗಳು ಸಿಗುತ್ತವೆ. ಸಂಜೆ ಗದ್ದೆಯಿಂದ ಎದ್ದಾಗ ಆ ಕಬ್ಬಿಣದ ಪಟ್ಟಿಗಳು ಬೆಳ್ಳಿಯ ಹಾಗೆ ಹೊಳೆಯುತ್ತವೆ. ರಾತ್ರಿ ಅಂಗಳದಲ್ಲಿ ನಿಂತರೆ ಬೆಳಗ್ಗೆ ಅದೇ ಪಟ್ಟಿಗೆ ತೆಳ್ಳಗೆ ಕಂದು ಬಣ್ಣ ಏರಿರುತ್ತದೆ, ಮತ್ತೆ ಗದ್ದೆಗಿಳಿದರೆ ಮಾಯ. ಓಡುವ ಯಂತ್ರದ ತುಕ್ಕು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ತಿಳಿಯಲು ಇದೊಂದು ನೋಟ ಸಾಕು.

ದೇವದುರ್ಗದ ಕಡೆ ಕೃಷ್ಣೆಯ ಮರಳು ಹೊತ್ತ ಟಿಪ್ಪರ್ ಸಿಕ್ಕರೆ ಅದರ ಹಿಂದಿನ ಬಾಗಿಲು ನೋಡು. ಹಸಿ ಮರಳಿನಿಂದ ನೀರು ಸೋರಿ ಸೋರಿ, ಧೂಳು ಕೂತ ಹಲಗೆಯ ಮೇಲೆ ನೆಟ್ಟಗೆ ಗೆರೆಗಳು ಬಿದ್ದಿರುತ್ತವೆ. ಗೆರೆ ಮೇಲೆ ಗಾಢ, ಕೆಳಗೆ ಬರುತ್ತಾ ತೆಳುವಾಗಿ ಕರಗುತ್ತದೆ. ಒಂದು ಉದ್ದ, ಪಕ್ಕದ್ದು ಗಿಡ್ಡ, ಒಂದಕ್ಕೊಂದು ಅಳತೆ ಹೊಂದುವುದಿಲ್ಲ. ನಿನ್ನ ಟರೆಟ್ಟಿನ ಮೇಲೆ ನೀನು ಎಳೆದ ಗೆರೆಗಳೆಲ್ಲ ಒಂದೇ ಉದ್ದ ಇವೆ, ಬಾಚಣಿಗೆ ಆಡಿಸಿದ ಹಾಗೆ. ಇನ್ನು ರಾಯಚೂರಿನಲ್ಲೇ ನಿಂತರೆ ಶಕ್ತಿನಗರದಿಂದ ಹಾರುಬೂದಿ ಹೊತ್ತು ಬರುವ ಬಲ್ಕರುಗಳಿವೆ, ಕಲ್ಲು ಕ್ವಾರಿಗಳ ಹಿಟಾಚಿಗಳಿವೆ. ಬೂದಿ ಹಿಟ್ಟಿನಂತೆ ಎಲ್ಲ ಕಡೆ ಸಮ ಕೂರುತ್ತದೆ. ಕ್ವಾರಿಯ ಬಿಳಿ ಧೂಳು ಗ್ರೀಸ್ ಇರುವ ಕೀಲುಗಳಿಗೆ ಅಂಟಿ ಕಪ್ಪು ಮುದ್ದೆಯಾಗುತ್ತದೆ. ಫೋಟೋ ತೆಗೆದಿಟ್ಟುಕೋ. ಡ್ರೈವರನ್ನು ಕೇಳಿಯೇ ತೆಗೆ, ಅವರು ಇನ್ನೂ ನಾಲ್ಕು ಜಾಗ ತೋರಿಸಿಕೊಡುತ್ತಾರೆ.

ಎರೆಮಣ್ಣಿನ ವಿಷಯ ಒಂದಿದೆ, ಇದರಲ್ಲಿ ಹೊರಗಿನವರು ಖಂಡಿತ ಎಡವುತ್ತಾರೆ, ನಮ್ಮವನಾದ ನೀನು ಎಡವಬಾರದು. ಹಸಿ ಇದ್ದಾಗ ಅದು ಕಪ್ಪು. ಒಣಗಿ ಧೂಳಾದಾಗ ಬೂದು, ಸ್ವಲ್ಪ ಕಂದು ಬೆರೆತ ಬೂದು. ಅದಕ್ಕೇ ಒಣ ಧೂಳು ತೋರಿಸಲು ಕಪ್ಪು ಪುಡಿ ಉದುರಿಸಿದರೆ ಅದು ಮಸಿಯಾಗಿ ಕಾಣುತ್ತದೆ. ಹಸಿ ಕೆಸರಿಗೆ ಕಪ್ಪು-ಕಂದು, ಅದರ ಮೇಲೆ ಒಂದಿಷ್ಟು ಜಾಗದಲ್ಲಿ ಮಾತ್ರ ಹೊಳಪಿನ ವಾರ್ನಿಷ್. ಒಣಗಿದ ಕೆಸರಿಗೆ ತಿಳಿ ಬೂದು, ಹೊಳಪು ಬೇಡ. ಒಣಗಿದ ಎರೆ ಬಿರುಕು ಬಿಟ್ಟು ಚಕ್ಕೆ ಚಕ್ಕೆಯಾಗಿ ಉದುರುತ್ತದೆ, ಉದುರಿದ ಜಾಗದಲ್ಲಿ ಕಲೆ ಉಳಿಯುತ್ತದೆ. ಮಸಾರಿ ನೆಲದ ಕೆಂಪು ಮಣ್ಣು ಹಾಗಲ್ಲ, ಅದು ಧೂಳಾಗಿ ಸಂದುಗೊಂದುಗಳಲ್ಲಿ ಕೂತುಬಿಡುತ್ತದೆ.

ನಿಜವಾದ ಮಣ್ಣನ್ನೇ ಹಚ್ಚಲೇ ಎಂದು ನೀನು ಕೇಳಿದ್ದೆ. ಹಚ್ಚಬಹುದು, ಆದರೆ ಅಳತೆ ಮರೆಯಬೇಡ. ನಿನ್ನದು 35ರಲ್ಲಿ ಒಂದು ಪಾಲಿನ ಮಾದರಿ. ಅಂದರೆ ಅದರ ಮೇಲಿನ 1 ಮಿಲಿಮೀಟರ್ ಅಸಲಿ ಟ್ಯಾಂಕಿನ ಮೇಲೆ 35 ಮಿಲಿಮೀಟರ್, ಮೂರೂವರೆ ಸೆಂಟಿಮೀಟರ್. ಅರ್ಧ ಮಿಲಿಮೀಟರಿನ ಮರಳಿನ ಕಾಳು ಅಲ್ಲಿ ಜಲ್ಲಿ ಕಲ್ಲಾಗುತ್ತದೆ. ಮಣ್ಣನ್ನು ಚೆನ್ನಾಗಿ ಒಣಗಿಸಿ, ಕಲ್ಲಿನಲ್ಲಿ ಅರೆದು, ಹಳೆಯ ತೆಳು ಪಂಚೆಯಲ್ಲಿ ಜರಡಿ ಹಿಡಿ. ಬಟ್ಟೆಯ ಕೆಳಗೆ ಬಿದ್ದ ಹುಡಿ ಮಾತ್ರ ನಿನ್ನದು. ಅದನ್ನು ಒಣ ಬ್ರಷ್‌ನಿಂದ ಇಟ್ಟು, ಅಂಚಿಗೆ ಐಸೋಪ್ರೊಪೈಲ್ ಆಲ್ಕೋಹಾಲಿನ ಒಂದು ಹನಿ ತಾಗಿಸಿದರೆ ಅದು ತಾನೇ ಹರಡಿಕೊಂಡು ಕೂರುತ್ತದೆ. ಗಟ್ಟಿಯಾಗಿ ಹಿಡಿಯಬೇಕಾದ ಕೆಸರಿಗೆ ತೆಳು ಮಾಡಿದ ಮ್ಯಾಟ್ ವಾರ್ನಿಷ್ ಬೆರೆಸು.

ಬಣ್ಣ ಕಿತ್ತು ಹೋದ ಚುಕ್ಕೆಗಳಿಗೂ ಇದೇ ಲೆಕ್ಕ. ಎರಡು ಮಿಲಿಮೀಟರಿನ ಚುಕ್ಕೆ ಇಟ್ಟರೆ ಅಂಗೈಯಷ್ಟು ಬಣ್ಣ ಕಿತ್ತುಹೋದ ಹಾಗೆ. ಪ್ಯಾಕಿಂಗಿನ ಸ್ಪಂಜಿನ ಸಣ್ಣ ಚೂರನ್ನು ಗಾಢ ಕಂದು ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಒತ್ತಿ ಬಹುಪಾಲು ತೆಗೆದು, ಆಮೇಲೆ ಮುಟ್ಟಿಸು. ಎಲ್ಲಿ ಮುಟ್ಟಿಸುವುದು? ಐದು ಮಂದಿ ಹತ್ತಿ ಇಳಿಯುವ ಬಂಡಿ ಅದು. ಬೂಟು ಎಲ್ಲಿ ಊರುತ್ತಾರೆ, ಕೈ ಎಲ್ಲಿ ಹಿಡಿಯುತ್ತಾರೆ, ಮುಚ್ಚಳ ತೆರೆದಾಗ ಎಲ್ಲಿ ಬಡಿಯುತ್ತದೆ ಎಂದು ಯೋಚಿಸು. ಅಲ್ಲಿ ಮಾತ್ರ ಸಾಕು. ಯಾರ ಕೈಕಾಲೂ ತಾಗದ ಟರೆಟ್ಟಿನ ಪಕ್ಕೆಗೆ ಏಕೆ ಅಷ್ಟೊಂದು ಚುಕ್ಕೆ?

ಕೆಲಸದ ಕ್ರಮ ನಿನಗೆ ಗೊತ್ತೇ ಇದೆ. ಪ್ರೈಮರ್, ಮೂಲ ಬಣ್ಣ, ಹೊಳಪಿನ ವಾರ್ನಿಷ್, ನಂಬರು-ಚಿಹ್ನೆಗಳ ಸ್ಟಿಕರ್, ಆಮೇಲೆ ಸಂದಿಗಳಿಗೆ ತೆಳು ಎಣ್ಣೆ ಬಣ್ಣ, ಮ್ಯಾಟ್ ವಾರ್ನಿಷ್, ಕಡೆಗೆ ಮಣ್ಣು. ಮೂಲ ಹಸಿರಿಗೆ ಒಂದಿಷ್ಟು ತಿಳಿ ಬಣ್ಣ ಬೆರೆಸಿಕೋ, ಇಷ್ಟು ಸಣ್ಣ ವಸ್ತುವಿನ ಮೇಲೆ ಡಬ್ಬಿಯ ಬಣ್ಣ ಹಾಗೇ ಹಾಕಿದರೆ ಕಪ್ಪಾಗಿ ಕಾಣುತ್ತದೆ. ಸಂದಿಗೆ ಬಿಡುವ ಬಣ್ಣಕ್ಕೆ ದುಬಾರಿ ಬಾಟಲಿ ತರಿಸಬೇಕಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕ್ಯಾಮೆಲ್ ಎಣ್ಣೆ ಬಣ್ಣದ ಟ್ಯೂಬ್, ಬರ್ನ್ಟ್ ಅಂಬರ್ ಒಂದು, ಕಪ್ಪು ಒಂದು ಸಾಕು. ರಟ್ಟಿನ ತುಂಡಿನ ಮೇಲೆ ಹಿಂಡಿ ಸ್ವಲ್ಪ ಹೊತ್ತು ಬಿಡು, ರಟ್ಟು ಎಣ್ಣೆ ಹೀರಿಕೊಳ್ಳುತ್ತದೆ. ಆಮೇಲೆ ಟರ್ಪೆಂಟೈನಿನಲ್ಲಿ ಕದಡಿದರೆ ಜಿಡ್ಡಿನ ಹೊಳಪಿಲ್ಲದೆ ಒಣಗುತ್ತದೆ. ಕೆಳಗೆ ಅಕ್ರಿಲಿಕ್ ಚೆನ್ನಾಗಿ ಒಣಗಿದ್ದರೆ ಟರ್ಪೆಂಟೈನ್ ಅದನ್ನು ಕರಗಿಸುವುದಿಲ್ಲ, ತಪ್ಪಿದ್ದನ್ನು ಒರೆಸಿಕೊಳ್ಳಬಹುದು. ಗ್ಯಾರೇಜಿನ ಟಿನ್ನರ್ ಮಾತ್ರ ಹತ್ತಿರ ತರಬೇಡ, ಪ್ಲಾಸ್ಟಿಕ್ಕನ್ನೇ ತಿಂದುಹಾಕುತ್ತದೆ. ಮತ್ತೆ, ಕಿಟಕಿ ತೆರೆದಿಡು, ಸ್ಪ್ರೇ ಮಾಡುವಾಗ ಮಾಸ್ಕ್ ಹಾಕು. ಈ ವಾಸನೆಯನ್ನು ವರ್ಷಗಟ್ಟಲೆ ಕುಡಿದ ಎದೆಗಳು ಹೇಗಾಗುತ್ತವೆ ಎಂದು ನಮ್ಮ ಗ್ಯಾರೇಜಿನ ಗೆಳೆಯರಲ್ಲಿ ನೋಡಿದ್ದೇನೆ.

ನಮ್ಮೂರ ಬಿಸಿಲಿಗೂ ಒಂದು ಉಪಾಯ ಬೇಕು. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಅಕ್ರಿಲಿಕ್ ಬಣ್ಣ ಬ್ರಷ್‌ನಲ್ಲೇ ಒಣಗುತ್ತದೆ, ಏರ್‌ಬ್ರಷ್ಷಿನ ಮೂತಿ ಕಟ್ಟುತ್ತದೆ, ಗಾಳಿಯಲ್ಲೇ ಒಣಗಿದ ಬಣ್ಣ ಮರಳು ಕಾಗದದಂತೆ ಕೂರುತ್ತದೆ. ಬೆಳಗಿನ ತಂಪಿನಲ್ಲಿ ಮಾಡು, ಬಣ್ಣ ಬೇಗ ಒಣಗದಂತೆ ರಿಟಾರ್ಡರ್ ಒಂದು ಹನಿ ಹಾಕು. ಒಣಗಲಿ ಎಂದು ತಗಡಿನ ಮಾಳಿಗೆಯ ಮೇಲೆ ಇಡಬೇಡ, ತೋಪಿನ ನಳಿಗೆ ಬಾಗಿಹೋದೀತು. ಮಳೆ ಹಿಡಿದ ದಿನ ವಾರ್ನಿಷ್ ಹೊಡೆದರೆ ಬೆಳ್ಳಗೆ ಮಂಜು ಕಟ್ಟುತ್ತದೆ, ಅಂಥ ದಿನ ಕೈ ಕಟ್ಟಿ ಕೂತುಕೋ.

ಅಸಲಿ ಟ್ಯಾಂಕ್ ನೋಡಬೇಕು ಅಂದೆಯಲ್ಲ. ಮಡಿಕೇರಿಗೆ ಹೋದಾಗ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ನೋಡು. ಈಗ ಅದು ವಸ್ತುಸಂಗ್ರಹಾಲಯ, 2021ರ ಫೆಬ್ರುವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ್ದು. ಅಲ್ಲಿ ‘ಹಿಮ್ಮತ್’ ಎಂಬ ಟಿ-55 ಟ್ಯಾಂಕ್ ನಿಲ್ಲಿಸಿದ್ದಾರೆ. ಆಕಾರ, ಬೆಸುಗೆಯ ಏಣು, ಎರಕದ ಉಕ್ಕಿನ ಒರಟು ಮೈ, ಇವನ್ನೆಲ್ಲ ಕೈಯಳತೆಯಲ್ಲಿ ನೋಡಿಕೋ. ಆದರೆ ಬಣ್ಣವನ್ನೂ ಕೊಳೆಯನ್ನೂ ಅದರಿಂದ ಕಲಿಯಬೇಡ. ಪ್ರದರ್ಶನಕ್ಕೆ ನಿಂತ ಟ್ಯಾಂಕಿಗೆ ಹೊಸ ಬಣ್ಣ ಬಳಿದಿರುತ್ತಾರೆ, ಅದರ ಮೇಲೆ ಬೀಳುವುದು ಕೊಡಗಿನ ಮಳೆಯ ಗೆರೆ. ಓಡಿದ ಗುರುತು ಅದರಲ್ಲಿ ಇರುವುದಿಲ್ಲ.

ಓಡಿದ್ದನ್ನು, ದುಡಿದದ್ದನ್ನು ಕಾಣಿಸಿದ ಕೆಲಸ ನಮ್ಮ ರಾಯಚೂರು ಕೋಟೆಯಲ್ಲೇ ಇದೆ. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದಾಗ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲನ್ನು ತಂದು ಗೋಡೆಗೆ ಕೂರಿಸಿದರು, ಶಾಸನ ಇರುವುದೂ ಅದರ ಮೇಲೇ. ಆ ಕಲ್ಲನ್ನು ತಂದ ಬಗೆಯನ್ನೂ ಅಲ್ಲೇ ಸಣ್ಣದಾಗಿ ಕೆತ್ತಿದ್ದಾರೆ. ದಪ್ಪ ಗಾಲಿಯ ಬಂಡಿ, ಮುಂದೆ ಎಳೆಯುವ ಕೋಣಗಳ ಉದ್ದನೆಯ ಸಾಲು, ಹೊಡೆಯುವ ಆಳುಗಳು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಡುವವರು. ಕೆತ್ತಿದವನು ಬಂಡಿಯನ್ನಷ್ಟೇ ಕೆತ್ತಿ ಬಿಟ್ಟಿದ್ದರೆ ಭಾರ ನಮಗೆ ತಿಳಿಯುತ್ತಿರಲಿಲ್ಲ. ಎಲ್ಲಿ ಬಲ ಬಿತ್ತು ಎಂದು ನೋಡಿಕೊಂಡು ಆ ಜಾಗಗಳನ್ನು ಕೆತ್ತಿದ್ದಾನೆ. ಕಾಲೇಜಿಗೆ ಹೋಗುವಾಗ ಒಂದು ದಿನ ಸೈಕಲ್ ನಿಲ್ಲಿಸಿ ಅದನ್ನು ನಿಧಾನವಾಗಿ ನೋಡು.

ಈಗಿನ ಷರ್ಮನ್ನನ್ನು ಬಿಸಾಡಬೇಡ. ಮೇಲಿನ ಅರ್ಧದ ತುಕ್ಕನ್ನು ಟರ್ಪೆಂಟೈನ್ ತಾಗಿಸಿದ ಹತ್ತಿಬತ್ತಿಯಿಂದ ಒರೆಸು, ಎಣ್ಣೆ ಬಣ್ಣದ್ದಾದರೆ ಬಹುಪಾಲು ಬಿಡುತ್ತದೆ. ಬಿಡದೆ ಉಳಿದ ಕಲೆಯ ಮೇಲೆ ತೆಳು ಹಸಿರು ಒಂದು ಕೋಟ್ ಎಳೆ. ಕೆಳಗಿನ ಅರ್ಧ ಸದ್ಯಕ್ಕೆ ಹಾಗೇ ಇರಲಿ. ಮಾನ್ವಿಯ ಎರೆ ಒಂದು ಪುಟ್ಟ ಚೀಲದಲ್ಲಿ ತಂದಿಡುತ್ತೇನೆ. ಬೀದರ್ ಕಡೆಯ ಕೆಂಪು ಮಣ್ಣನ್ನು ಹುಮನಾಬಾದಿನ ನಿನ್ನ ಗೆಳೆಯನಿಗೆ ಹೇಳಿ ತರಿಸಿಕೋ. ಮೊದಲು ಒಂದು ಹಳೆಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಅದೇ ಹಸಿರು ಬಳಿದು, ಅದರ ಮೇಲೆ ಎರಡೂ ಮಣ್ಣು ಹಚ್ಚಿ, ಒಂದು ರಾತ್ರಿ ಒಣಗಿಸಿ ಬಣ್ಣ ಹೇಗೆ ಬಂತು ಎಂದು ಫೋಟೋ ಕಳಿಸು. ಹಗಲು ಬೆಳಕಿನಲ್ಲಿ ತೆಗೆ, ಟ್ಯೂಬ್‌ಲೈಟಿನ ಕೆಳಗೆ ಬೇಡ.