ಇಳಿಜಾರಿನ ಎಕರೆಯೂ ಅಡಿಕೆ ಮರದ ಎತ್ತರವೂ

ಕಳೆ ತೆಗೆಸುವಾಗ, ಗುಂಡಿ ತೋಡಿಸುವಾಗ ಬೆಳೆಗಾರರಿಗೂ ಗುತ್ತಿಗೆಯವರಿಗೂ ಎಕರೆ ಲೆಕ್ಕದಲ್ಲಿ ತಕರಾರು ಬರುವುದುಂಟು. ಪಹಣಿಯಲ್ಲಿ 1 ಎಕರೆ, ಅಂದರೆ 40 ಗುಂಟೆ. ಗುತ್ತಿಗೆಯವನ ಟೇಪಿನಲ್ಲಿ 46 ಗುಂಟೆ! ಮೋಸವೆಂದು ಕೂಗಾಡುವ ಮೊದಲು ಹೈಸ್ಕೂಲಿನಲ್ಲಿ ಓದಿ ಮರೆತ ತ್ರಿಕೋನಮಿತಿಯನ್ನು ಕೊಂಚ ನೆನೆಯೋಣ.

ಸರ್ವೆಯವರು ಲೆಕ್ಕಕ್ಕೆ ಹಿಡಿಯುವುದು ಸಮತಲದ ಅಳತೆಯನ್ನು, ನೆಲದ ಮೈಯನ್ನಲ್ಲ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ಸರಪಳಿಯಿಂದ ಅಳೆದರು. ಅಲ್ಲಿಂದಾಚೆಗೆ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ನೋಡಿಯೇ ದೂರಗಳನ್ನು ಕಂಡುಕೊಳ್ಳುತ್ತಾ ಹೋದರು. ಮುಂದೆ ಇಡೀ ದೇಶವನ್ನಳೆದ ಮಹಾ ತ್ರಿಕೋನಮಿತಿ ಸರ್ವೆಗೆ ನಮ್ಮ ಸೀಮೆಯ ಈ ಕೆಲಸವೇ ಪೀಠಿಕೆ.

ನಮಗೆ ಅಷ್ಟು ದೊಡ್ಡ ಯಂತ್ರ ಬೇಡ. ಮಕ್ಕಳ ಕಂಪಾಸು ಪೆಟ್ಟಿಗೆಯ ಕೋನಮಾಪಕ ಸಾಕು. ಅದರ ನೇರ ಅಂಚನ್ನು ಮೇಲುಮಾಡಿ ಹಿಡಿದು, ಅಂಚಿನ ನಡುಬಿಂದುವಿಗೆ ದಾರ ಕಟ್ಟಿ ಸಣ್ಣ ಕಲ್ಲು ತೂಗಬಿಡಿ. ನಮ್ಮಷ್ಟೇ ಎತ್ತರದ ಆಳೊಬ್ಬನನ್ನು ಇಳಿಜಾರಿನ ಮೇಲ್ಗಡೆ ನಿಲ್ಲಿಸಿ, ಆ ಅಂಚಿನ ಗುಂಟ ಅವನ ಕಣ್ಣನ್ನು ನೋಡಬೇಕು. ದಾರ 90ರ ಗುರುತಿನಿಂದ ಎಷ್ಟು ಸರಿಯಿತೋ ಅಷ್ಟು ಡಿಗ್ರಿ ಇಳಿಜಾರು. ಪಹಣಿಯ ವಿಸ್ತೀರ್ಣವನ್ನು ಆ ಕೋನದ ಕೊಸೈನಿನಿಂದ ಭಾಗಿಸಿದರೆ ನೆಲದ ಮೈ ಸಿಕ್ಕುತ್ತದೆ. 10 ಡಿಗ್ರಿಗೆ ಎಕರೆಯ ಮೇಲೆ ಅರ್ಧ ಗುಂಟೆಯಷ್ಟೇ ಹೆಚ್ಚು, 20ಕ್ಕೆ ಎರಡೂವರೆ ಗುಂಟೆ, 30ಕ್ಕೆ ಆರು ಗುಂಟೆಗೂ ಮಿಕ್ಕಿ. ಗುತ್ತಿಗೆಯವನ ಟೇಪು ಸುಳ್ಳು ಹೇಳಿರಲಿಲ್ಲ. ಆಳು ಕೊಚ್ಚುವುದು ನೆಲವನ್ನು, ಪಹಣಿಯನ್ನಲ್ಲ. ಆದ್ದರಿಂದ ಯಾವ ಅಳತೆಗೆ ಕೂಲಿ ಎಂಬುದನ್ನು ಕೆಲಸಕ್ಕೆ ಮೊದಲೇ ಮಾತಾಡಿಕೊಳ್ಳುವುದು ನ್ಯಾಯ.

ಇಳಿಜಾರನ್ನು ಕಣ್ಣಂದಾಜಿನಲ್ಲಿ ಹೇಳಬಾರದು. ಮಕ್ಕಳ ಓದಿಗೆಂದು ಮೈಸೂರಿನ ರಾಮಕೃಷ್ಣನಗರದಲ್ಲಿ ಮನೆ ಮಾಡಿರುವವರು ಮಹಡಿಯಿಂದ ಚಾಮುಂಡಿ ಬೆಟ್ಟದ ತುದಿಯನ್ನು ಅಳೆದು ನೋಡಲಿ. ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ, ದೂರ ಸುಮಾರು 6 ಕಿಲೋಮೀಟರ್. ಅಷ್ಟು ದೊಡ್ಡದಾಗಿ ಕಾಣುವ ಬೆಟ್ಟದ ಕೋನ 3 ಡಿಗ್ರಿಯೂ ಆಗದು.

ಗಿಡ ನೆಡುವಾಗಲೂ ಇದೇ ಲೆಕ್ಕ. 6 ಅಡಿಗೆ 6 ಅಡಿಯಂತೆ ಎಕರೆಗೆ 1,210 ಕಾಫಿ ಗಿಡ. 30 ಡಿಗ್ರಿ ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೇ ಹಾಸಿ ಗೂಟ ಹೊಡೆದರೆ ಸುಮಾರು 1,400 ಗಿಡ ಕೂರುತ್ತವೆ. ಎಕರೆಗೆಂದು ತಂದ ಗೊಬ್ಬರ ಗಿಡಕ್ಕೆ ಕಡಿಮೆ ಬೀಳುತ್ತದೆ. ಟೇಪನ್ನು ಮಟ್ಟವಾಗಿ ಎಳೆದು ಹಿಡಿದು, ತುದಿಯಿಂದ ತೂಕದ ಗುಂಡು ಬಿಟ್ಟು ಗುರುತು ಮಾಡಿಸಿ.

ಅಡಿಕೆಯವರಿಗೆ ಇನ್ನೂ ಸುಲಭ. ಗೊನೆಯನ್ನು ನೋಡುತ್ತಾ, ದಾರ 45ರ ಗುರುತಿಗೆ ಬರುವವರೆಗೆ ಹಿಂದೆ ಸರಿಯಿರಿ. ಬುಡದಿಂದ ನಿಂತಲ್ಲಿಗೆ 42 ಅಡಿ, ಕಣ್ಣಿನ ಎತ್ತರ 5 ಅಡಿ ಎಂದಾದರೆ ಗೊನೆ 47 ಅಡಿಯಲ್ಲಿದೆ. ನೆಲ ಮಟ್ಟವಾಗಿದ್ದರೆ ಮಾತ್ರ ಈ ಲೆಕ್ಕ ಸರಿ. ಕಾರ್ಬನ್ ಫೈಬರ್ ದೋಟಿ ಕೊಳ್ಳುವವರು ತೋಟದ ಹತ್ತಿಪ್ಪತ್ತು ಎತ್ತರದ ಮರಗಳನ್ನು ಹೀಗೆ ಅಳೆದು ಬರೆದುಕೊಂಡೇ ಅಂಗಡಿಗೆ ಹೋಗಲಿ. ಬೇಡದ 10 ಅಡಿಗೆ ಹಣವೂ ದಂಡ, ಹಿಡಿಯುವವನ ತೋಳಿಗೂ ಭಾರ.